99 ವರ್ಷದ ಗುತ್ತಿಗೆಯ ಕತೆ ಮತ್ತು 1950ರವರೆಗೆ ಇದ್ದ ರಾಜ

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಹತ್ತನೇ ತರಗತಿಯ ಹುಡುಗನೊಬ್ಬ ವಾಟ್ಸಾಪ್ ಸಂದೇಶ ಹಿಡಿದು ಬಂದ. ಅದರಲ್ಲಿ ಹೀಗಿದೆ: ‘ಭಾರತಕ್ಕೆ ಸಿಕ್ಕಿದ್ದು ಸ್ವಾತಂತ್ರ್ಯವಲ್ಲ, 99 ವರ್ಷದ ಗುತ್ತಿಗೆ. 1947ರ ಆಗಸ್ಟ್ 14ರ ರಾತ್ರಿ ನೆಹರೂ ಮತ್ತು ಮೌಂಟ್‌ಬ್ಯಾಟನ್ ಗುಟ್ಟಾಗಿ ಅಧಿಕಾರ ಹಸ್ತಾಂತರ ಒಪ್ಪಂದಕ್ಕೆ ಸಹಿ ಹಾಕಿದರು. ಸಂವಿಧಾನದ 366, 371, 372, 395ನೇ ವಿಧಿಗಳನ್ನು ಮುಟ್ಟಲು ನಮ್ಮ ಸಂಸತ್ತಿಗೂ ಅಧಿಕಾರವಿಲ್ಲ. ಬ್ರಿಟನ್ನಿನ ರಾಣಿ ವೀಸಾ ಇಲ್ಲದೆ ಇಲ್ಲಿಗೆ ಬರುತ್ತಿದ್ದಳು. ಲಂಡನ್ನಿನಲ್ಲಿ ನಮಗೆ ರಾಯಭಾರಿ ಇಲ್ಲ, ಹೈಕಮಿಷನರ್ ಮಾತ್ರ.’ ಎಲ್ಲ ಸುಳ್ಳು ಕಣೋ ಎಂದೆ. ‘ಹಾಗಾದ್ರೆ 1950ರವರೆಗೂ ಜಾರ್ಜ್ ದೊರೆಯೇ ನಮ್ಮ ರಾಜ ಆಗಿದ್ನಂತಲ್ಲ ಸಾರ್, ಅದೂ ಸುಳ್ಳಾ?’ ಎಂದ. ಅದು ನಿಜವೆಂದು ಗೊತ್ತಿದ್ದರಿಂದ ಬಾಯಿ ಕಟ್ಟಿತು. ರಾಜನನ್ನು ಇಟ್ಟುಕೊಂಡೇ ಸ್ವತಂತ್ರ ಆಗುವುದು ಹೇಗೆ? ಮಕ್ಕಳಿಗೆ ಇದನ್ನು ಹೇಗೆ ಬಿಡಿಸಿ ಹೇಳಲಿ?

ಉತ್ತರ: ಮೇಷ್ಟ್ರೇ, ನಿಮ್ಮ ಹುಡುಗ ಜಾಣ. ಸಂದೇಶದಲ್ಲಿ ಎರಡು ಎಳೆ ಗಂಟುಬಿದ್ದಿವೆ. ಗುತ್ತಿಗೆಯ ಮಾತು ಶುದ್ಧ ಸುಳ್ಳು. 1950ರ ಜನವರಿ 26ರವರೆಗೆ ಆರನೇ ಜಾರ್ಜ್ ಭಾರತದ ರಾಜ ಎನಿಸಿಕೊಂಡಿದ್ದ ಎಂಬುದು ನಿಜ. ಸುಳ್ಳು ಈ ನಿಜದ ಹೆಗಲೇರಿ ಬಂದಿದೆ. ಹೀಗಾಗಿ ಎಲ್ಲವನ್ನೂ ಒಂದೇ ಮಾತಿನಲ್ಲಿ ತಳ್ಳಿಹಾಕಲು ಹೋದವರೇ ಸಿಕ್ಕಿಬೀಳುತ್ತಾರೆ.

ಮೊದಲು ಗುತ್ತಿಗೆ. ಅಂಥ ಕರಾರು ಎಲ್ಲೂ ಇಲ್ಲ. ಅಧಿಕಾರ ದಾಟಿದ್ದು ಕರಾರಿನಿಂದಲ್ಲ, ಕಾಯಿದೆಯಿಂದ, ಅದೂ ಹಾಡಹಗಲಲ್ಲಿ. ಭಾರತ ಸ್ವಾತಂತ್ರ್ಯ ಕಾಯಿದೆಯ ಮಸೂದೆ 1947ರ ಜುಲೈ 4ರಂದು ಬ್ರಿಟಿಷ್ ಸಂಸತ್ತಿನ ಮುಂದೆ ಬಂತು, ಜುಲೈ 18ರಂದು ರಾಜನ ಅಂಕಿತ ಬಿತ್ತು. ಒಟ್ಟು 20 ಸೆಕ್ಷನ್, 3 ಅನುಸೂಚಿ. ಒಂದೇ ಕೂತಿಗೆ ಓದಿ ಮುಗಿಸಬಹುದಾದಷ್ಟು ಚಿಕ್ಕದು. ಅವಧಿಯ ಮಾತಾಗಲಿ, ಮರಳಿ ಪಡೆಯುವ ಮಾತಾಗಲಿ ಅದರಲ್ಲಿಲ್ಲ. ಆ ಕಾಲದ ಗುಟ್ಟಿನ ಕಡತಗಳನ್ನೂ ಬ್ರಿಟಿಷ್ ಸರ್ಕಾರವೇ 1970ರಿಂದ 1983ರ ನಡುವೆ 12 ದಪ್ಪ ಸಂಪುಟಗಳಲ್ಲಿ ಅಚ್ಚು ಹಾಕಿಸಿದೆ. ವೈಸರಾಯ್ ಕಳಿಸಿದ ತಂತಿಗಳು, ಸಂಪುಟ ಸಭೆಯ ಟಿಪ್ಪಣಿಗಳು ಎಲ್ಲವೂ ಅಲ್ಲಿವೆ. 99 ಎಂಬ ಅಂಕಿ ಬಹುಶಃ ಹಾಂಗ್‌ಕಾಂಗ್ ಕಡೆಯಿಂದ ಬಂದಿರಬೇಕು. ಅಲ್ಲಿನ ಒಳನಾಡನ್ನು ಬ್ರಿಟನ್ 1898ರಲ್ಲಿ ಚೀನಾದಿಂದ ನಿಜವಾಗಿಯೂ 99 ವರ್ಷಕ್ಕೆ ಗುತ್ತಿಗೆ ಹಿಡಿದಿತ್ತು, 1997ರಲ್ಲಿ ಬಿಟ್ಟುಕೊಟ್ಟಿತು. ಅಲ್ಲಿ ಗುತ್ತಿಗೆ ಹಿಡಿದದ್ದು ಸಾಮ್ರಾಜ್ಯವೇ ಎಂಬುದನ್ನು ಹುಡುಗನಿಗೆ ತೋರಿಸಿ.

ಆಗಸ್ಟ್ 14ರ ರಾತ್ರಿ ನಡೆದದ್ದು ಇಷ್ಟು. ಸಂವಿಧಾನ ರಚನಾ ಸಭೆ 11 ಗಂಟೆಗೆ ಸೇರಿತು. ನೆಹರೂ ಭಾಷಣವಾಯಿತು. ನಡುರಾತ್ರಿ ಸದಸ್ಯರು ಎದ್ದುನಿಂತು ಪ್ರತಿಜ್ಞೆ ಮಾಡಿದರು. ಆಮೇಲೆ ಸಭೆ ಎರಡು ಸಂಗತಿಗಳನ್ನು ವೈಸರಾಯ್‌ಗೆ ತಿಳಿಸಬೇಕೆಂದು ತೀರ್ಮಾನಿಸಿತು: ಭಾರತದ ಆಡಳಿತವನ್ನು ಈ ಸಭೆ ವಹಿಸಿಕೊಂಡಿದೆ, ಮೌಂಟ್‌ಬ್ಯಾಟನ್ 15ರಿಂದ ಗವರ್ನರ್ ಜನರಲ್ ಆಗಲಿ ಎಂಬ ಶಿಫಾರಸನ್ನು ಈ ಸಭೆ ಅನುಮೋದಿಸಿದೆ. ಇದನ್ನು ಹೇಳಲು ರಾಜೇಂದ್ರ ಪ್ರಸಾದ್ ಮತ್ತು ನೆಹರೂ ವೈಸರಾಯ್ ಮನೆಗೆ ಹೋದರು. ನಿರ್ಣಯದ ಕ್ರಿಯಾಪದ ಗಮನಿಸಿ. ‘ಕೊಟ್ಟಿದ್ದಾರೆ’ ಎಂದಿಲ್ಲ, ‘ವಹಿಸಿಕೊಂಡಿದೆ’ ಎಂದಿದೆ. ಆ ಪದವನ್ನು ಅಲ್ಲಿ ಕೂರಿಸಿದವರಿಗೆ ತಾವು ಏನು ಮಾಡುತ್ತಿದ್ದೇವೆಂದು ಚೆನ್ನಾಗಿ ಗೊತ್ತಿತ್ತು.

ಮುಟ್ಟಬಾರದ ವಿಧಿಗಳ ವಿಚಾರ ಕರ್ನಾಟಕದವರಿಗೆ ಹೇಳುವುದು ಸುಲಭ. 371ರ ಸಾಲಿನಲ್ಲೇ 371ಜೆ ಇದೆ. ಅದನ್ನು 2012ರಲ್ಲಿ ನಮ್ಮ ಸಂಸತ್ತು 98ನೇ ತಿದ್ದುಪಡಿಯಿಂದ ಸೇರಿಸಿತು. ಬೀದರ್, ಕಲಬುರಗಿ, ರಾಯಚೂರು ಕಡೆಯ ಮಕ್ಕಳಿಗೆ ಸೀಟು, ನೌಕರಿ ಮೀಸಲು ಸಿಗುತ್ತಿರುವುದು ಅದರಿಂದಲೇ. ಅದರಲ್ಲಿ ಬ್ರಿಟಿಷರ ಪಾಲು ಏನೂ ಇಲ್ಲ. 366 ಬರೀ ಪದಗಳ ಅರ್ಥ ಕೊಡುವ ವಿಧಿ; 2016ರಲ್ಲಿ ಜಿಎಸ್‌ಟಿ ತರುವಾಗ ಅದಕ್ಕೂ ಹೊಸ ಅರ್ಥ ಸೇರಿಸಿದರು. 372 ಹೇಳುವುದು ಹಳೆಯ ಕಾಯಿದೆಗಳು ರದ್ದಾಗುವವರೆಗೆ, ತಿದ್ದುಪಡಿಯಾಗುವವರೆಗೆ ಮುಂದುವರಿಯಲಿ ಎಂದು. ಇದಿಲ್ಲದಿದ್ದರೆ 1950ರ ಜನವರಿ 27ರ ಬೆಳಿಗ್ಗೆ ಕಳ್ಳನನ್ನು ಹಿಡಿಯಲು ಪೊಲೀಸರ ಕೈಯಲ್ಲಿ ಕಾಯಿದೆಯೇ ಇರುತ್ತಿರಲಿಲ್ಲ, ಜಮೀನಿನ ನೋಂದಣಿ ನಿಲ್ಲುತ್ತಿತ್ತು. 1860ರ ದಂಡ ಸಂಹಿತೆಯನ್ನು 2024ರ ಜುಲೈ 1ರವರೆಗೆ ಇಟ್ಟುಕೊಂಡದ್ದು ನಮ್ಮ ಸೋಮಾರಿತನವೋ ಅನುಕೂಲವೋ ಎಂದು ಜಗಳ ಮಾಡಬಹುದು; ಅದು ಲಂಡನ್ನಿನ ಅಪ್ಪಣೆಯಂತೂ ಆಗಿರಲಿಲ್ಲ. ಇನ್ನು 395. ಸಂದೇಶ ಬರೆದವರು ಇದನ್ನು ಓದಿಯೇ ಇಲ್ಲ ಎನ್ನಲು ಇದೊಂದೇ ಸಾಕು. ಯಾಕೆಂದರೆ 1947ರ ಸ್ವಾತಂತ್ರ್ಯ ಕಾಯಿದೆ ಮತ್ತು 1935ರ ಭಾರತ ಸರ್ಕಾರ ಕಾಯಿದೆ ಎರಡನ್ನೂ ರದ್ದುಮಾಡುವ ವಿಧಿಯೇ ಅದು. ಅದರ ಕತೆಗೆ ಮತ್ತೆ ಬರುತ್ತೇನೆ.

ವೀಸಾ ಮತ್ತು ಹೈಕಮಿಷನರ್ ವಿಷಯ ಎರಡು ಮಾತಿನದು. ಬ್ರಿಟನ್ನಿನ ಪಾಸ್‌ಪೋರ್ಟು ರಾಜನ ಅಥವಾ ರಾಣಿಯ ಹೆಸರಿನಲ್ಲೇ ಕೊಡುವ ಪತ್ರವಾದ್ದರಿಂದ ಅವರಿಗೇ ಪಾಸ್‌ಪೋರ್ಟ್ ಇರುವುದಿಲ್ಲ. ಅಮೆರಿಕಕ್ಕೆ ಹೋದರೂ ಜಪಾನಿಗೆ ಹೋದರೂ ಹಾಗೆಯೇ. ಕಾಮನ್‌ವೆಲ್ತ್ (ಹೆಚ್ಚಾಗಿ ಹಿಂದೆ ಬ್ರಿಟನ್ನಿನ ಆಳ್ವಿಕೆಯಲ್ಲಿದ್ದ ದೇಶಗಳ ಕೂಟ) ದೇಶಗಳು ಪರಸ್ಪರ ಕಳಿಸುವ ರಾಯಭಾರಿಗೆ ಹೈಕಮಿಷನರ್ ಎನ್ನುವುದು ರೂಢಿ. ದೆಹಲಿಯಲ್ಲಿರುವ ಬ್ರಿಟನ್ನಿನ ಪ್ರತಿನಿಧಿಗೂ ಅದೇ ಹೆಸರು, ಇಸ್ಲಾಮಾಬಾದಿನಲ್ಲಿ 2019ರವರೆಗೆ ಇದ್ದ ನಮ್ಮ ಪ್ರತಿನಿಧಿಗೂ ಅದೇ ಇತ್ತು.

ಈಗ ರಾಜನ ಪ್ರಶ್ನೆ.

1947ರ ಆಗಸ್ಟ್ 15ರಿಂದ 1950ರ ಜನವರಿ 26ರವರೆಗೆ ಭಾರತ ‘ಡೊಮಿನಿಯನ್’ ಆಗಿತ್ತು. ಅಂದರೆ ರಾಜನನ್ನು ಹೆಸರಿಗೆ ಇಟ್ಟುಕೊಂಡು ತನ್ನ ಆಡಳಿತವನ್ನು ತಾನೇ ನಡೆಸುವ ದೇಶ; ಆಗ ಕೆನಡಾ, ಆಸ್ಟ್ರೇಲಿಯಾ ಇದ್ದ ಸ್ಥಿತಿಯೇ ಇದು. ಗವರ್ನರ್ ಜನರಲ್ ರಾಜನ ಹೆಸರಿನಲ್ಲಿ ಕೂತಿದ್ದರೂ ಅವರನ್ನು ಆರಿಸುವುದು ಇಲ್ಲಿನ ಮಂತ್ರಿಮಂಡಲ. 1948ರ ಜೂನ್‌ನಲ್ಲಿ ಮೌಂಟ್‌ಬ್ಯಾಟನ್ ಹೋದ ಮೇಲೆ ರಾಜಗೋಪಾಲಾಚಾರಿ ಬಂದದ್ದು ಹಾಗೆ. 1935ರ ಕಾಯಿದೆಯಲ್ಲಿ ಗವರ್ನರ್ ಜನರಲ್‌ಗೆ ‘ತನ್ನ ವಿವೇಚನೆಯಿಂದ’ ಮಾಡಬಹುದು ಎಂದಿದ್ದ ಮಾತುಗಳನ್ನು 1947ರ ಆಗಸ್ಟ್ 14ರ ಆದೇಶದಲ್ಲಿ ಕಿತ್ತುಹಾಕಿದ್ದರು. ಹಳೆಯ ಮನೆಯೇ, ಆದರೆ ಯಜಮಾನನ ಕೋಣೆಯ ಬೀಗ ಬದಲಾಗಿತ್ತು.

ಒಂದು ದೇಶ ಸ್ವತಂತ್ರವೋ ಅಲ್ಲವೋ ಎಂದು ಪರೀಕ್ಷಿಸಲು ಇತಿಹಾಸ, ಸಂವಿಧಾನ ಓದುವವರು ನೋಡುವುದು ಸಿಂಹಾಸನದ ಮೇಲಿನ ಹೆಸರನ್ನಲ್ಲ. ಕಾಯಿದೆ ಮಾಡುವವರು ಯಾರು, ಅದನ್ನು ರದ್ದುಮಾಡುವವರು ಯಾರು, ಕೊನೆಯ ಅಪೀಲು ಎಲ್ಲಿಗೆ ಹೋಗುತ್ತದೆ, ಸೈನ್ಯ ಯಾರ ಮಾತು ಕೇಳುತ್ತದೆ, ಖಜಾನೆಯ ಬೀಗದ ಕೈ ಯಾರ ಸೊಂಟದಲ್ಲಿದೆ, ಇವನ್ನು. ಒಂದೊಂದಾಗಿ ನೋಡಿದರೆ ಭಾರತದ ಸ್ವಾತಂತ್ರ್ಯ ಒಂದೇ ರಾತ್ರಿ ಆದದ್ದಲ್ಲ ಎಂಬುದೂ ತಿಳಿಯುತ್ತದೆ.

ಕಾಯಿದೆಯ ಅಧಿಕಾರ ಮೊದಲ ದಿನವೇ ಪೂರ್ತಿ ಬಂತು. ಸ್ವಾತಂತ್ರ್ಯ ಕಾಯಿದೆಯ 6ನೇ ಸೆಕ್ಷನ್ನನ್ನು ಮಕ್ಕಳಿಗೆ ಓದಿಸಿ. ಡೊಮಿನಿಯನ್ನಿನ ಶಾಸನಸಭೆ ಮಾಡಿದ ಕಾನೂನು ಇಂಗ್ಲೆಂಡಿನ ಕಾನೂನಿಗಾಗಲಿ, ಬ್ರಿಟಿಷ್ ಸಂಸತ್ತಿನ ಹಿಂದಿನ, ಮುಂದಿನ ಯಾವುದೇ ಕಾಯಿದೆಗಾಗಲಿ ವಿರುದ್ಧವಾಗಿದೆ ಎಂಬ ಕಾರಣಕ್ಕೆ ಬಿದ್ದುಹೋಗುವುದಿಲ್ಲ. ಆ ಕಾಯಿದೆಗಳನ್ನು ರದ್ದುಮಾಡುವ ಅಧಿಕಾರವೂ ಅದಕ್ಕಿದೆ. ‘ಈ ಕಾಯಿದೆ’ಯನ್ನು ಕೂಡ. ಅಂದರೆ ತನ್ನನ್ನೇ ಹರಿದುಹಾಕುವ ಹಕ್ಕನ್ನು ಆ ಕಾಗದವೇ ಬರೆದುಕೊಟ್ಟಿತ್ತು. ಹೀಗೆ ಬರೆದು ಗುತ್ತಿಗೆ ಕೊಡುವವನನ್ನು ಯಾರೂ ಕಂಡಿರಲಾರರು.

ಕೊನೆಯ ಅಪೀಲು ಎರಡು ವರ್ಷ ತಡವಾಯಿತು. ಸಾಮ್ರಾಜ್ಯದ ಕೊನೆಯ ಅಪೀಲು ಕೇಳುತ್ತಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಮೇಲ್ಮನವಿ ಹೋಗುವುದನ್ನು ನಮ್ಮ ಸಭೆ 1949ರ ಕಾಯಿದೆಯಿಂದ ನಿಲ್ಲಿಸಿತು. ಜಾರಿಗೆ ಬಂದದ್ದು ಅಕ್ಟೋಬರ್ 10ರಂದು. ಸೈನ್ಯ ಇನ್ನೂ ನಿಧಾನ. ಕೊನೆಯ ಬ್ರಿಟಿಷ್ ದಂಡು ಮುಂಬೈನ ಗೇಟ್‌ವೇ ಮೂಲಕ ಹಡಗು ಹತ್ತಿದ್ದು 1948ರ ಫೆಬ್ರವರಿ 28. ಭೂಸೇನೆಯ ಮುಖ್ಯಸ್ಥನ ಕುರ್ಚಿಯಲ್ಲಿ ಬ್ರಿಟಿಷರೇ ಇದ್ದರು. ಕೊಡಗಿನ ಕಾರ್ಯಪ್ಪನವರು ಅದನ್ನು ವಹಿಸಿಕೊಂಡದ್ದು 1949ರ ಜನವರಿ 15. ವಾಯುಸೇನೆಗೆ ಭಾರತೀಯ ಮುಖ್ಯಸ್ಥ ಬಂದದ್ದು 1954ರಲ್ಲಿ, ನೌಕಾಸೇನೆಗೆ 1958ರಲ್ಲಿ. ಇದರ ತೊಡಕು ಕಾಶ್ಮೀರ ಯುದ್ಧದಲ್ಲಿ ಕಂಡಿತು. ಆಗ ಎರಡೂ ಕಡೆಯ ಸೇನಾ ಮುಖ್ಯಸ್ಥರು ಬ್ರಿಟಿಷರು. ಹುಡುಗ ಇದನ್ನೆತ್ತಿ ಕೇಳಿದರೆ ಮುಚ್ಚಿಡಬೇಡಿ. ತರಬೇತಾದ ಹಿರಿಯ ಅಧಿಕಾರಿಗಳು ನಮ್ಮಲ್ಲಿ ಸಾಕಷ್ಟಿರಲಿಲ್ಲ ಎಂಬುದೂ, ಇರಲಿ ಎಂದು ಒಪ್ಪಿದ್ದು ನಮ್ಮ ಮಂತ್ರಿಮಂಡಲವೇ ಎಂಬುದೂ ಸೇರಿಸಿ ಹೇಳಿ.

ಖಜಾನೆಯ ಲೆಕ್ಕ ಪಠ್ಯಪುಸ್ತಕದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಭಾರತದಿಂದ ಸಾಲದ ಮೇಲೆ ಸರಕು ಎತ್ತಿತ್ತು. ಯುದ್ಧ ಮುಗಿದಾಗ ಅದು ನಮಗೆ ಕೊಡಬೇಕಿದ್ದದ್ದು ಸುಮಾರು 130 ಕೋಟಿ ಪೌಂಡ್. ಆಗಿನ ದರ ಪೌಂಡಿಗೆ 13 ರೂಪಾಯಿ 5 ಆಣೆ 4 ಪೈ. ಅಂದರೆ 1,700 ಕೋಟಿ ರೂಪಾಯಿಗೂ ಮಿಗಿಲು. ಸಾಮ್ರಾಜ್ಯವೇ ವಸಾಹತಿಗೆ ಸಾಲಗಾರ! ಆದರೆ ಆ ಹಣ ಲಂಡನ್ನಿನ ಖಾತೆಯಲ್ಲಿತ್ತು, ಬ್ರಿಟನ್ ಅದನ್ನು ಕಂತಿನಲ್ಲಷ್ಟೇ ಬಿಟ್ಟಿತು. 1948ರ ಒಪ್ಪಂದದಲ್ಲಿ ಇಲ್ಲಿ ಬಿಟ್ಟುಹೋದ ಮಿಲಿಟರಿ ಸಾಮಾನಿಗೆಂದು 10 ಕೋಟಿ ಪೌಂಡ್, ಬ್ರಿಟಿಷ್ ಅಧಿಕಾರಿಗಳ ಪಿಂಚಣಿಗೆಂದು ಇನ್ನೊಂದು ದೊಡ್ಡ ಮೊತ್ತ ಅದರಿಂದಲೇ ಕಡಿತವಾಯಿತು. ಹಸ್ತಾಂತರದಲ್ಲಿ ನಿಜಕ್ಕೂ ಬಿಗಿಯಾದ ಷರತ್ತು ಹುಡುಕುವ ಆಸೆಯಿದ್ದರೆ ಇಂಥ ಲೆಕ್ಕದ ಪುಸ್ತಕಗಳಲ್ಲಿ ಹುಡುಕಬೇಕು. ವಾಟ್ಸಾಪ್ ಬರಹಗಾರರಿಗೆ ಅಷ್ಟು ತಾಳ್ಮೆ ಇರುವುದಿಲ್ಲ.

ಹಾಗಾದರೆ ರಾಜನನ್ನು ಇಟ್ಟುಕೊಂಡದ್ದೇಕೆ? ಸಮಯವಿರಲಿಲ್ಲ. 1948ರ ಜೂನ್ ಒಳಗೆ ಬಿಟ್ಟುಹೋಗುತ್ತೇವೆ ಎಂದು ಬ್ರಿಟನ್ ಪ್ರಧಾನಿ ಆಟ್ಲಿ 1947ರ ಫೆಬ್ರವರಿ 20ರಂದು ಹೇಳಿದ್ದರು. ಜೂನ್ 3ರ ಯೋಜನೆಯಲ್ಲಿ ಆ ಗಡುವು ದಿಢೀರನೆ ಆಗಸ್ಟಿಗೆ ಜಿಗಿಯಿತು. ಸಂವಿಧಾನ ರಚನಾ ಸಭೆ 1946ರ ಡಿಸೆಂಬರ್ 9ರಂದಷ್ಟೇ ಮೊದಲ ಬಾರಿ ಸೇರಿತ್ತು, ಕರಡು ಸಮಿತಿ ಇನ್ನೂ ಹುಟ್ಟಿರಲಿಲ್ಲ. ಹೊಸ ಸಂವಿಧಾನವಿಲ್ಲದೆ ಗಣರಾಜ್ಯವೆಂದು ಘೋಷಿಸಿದರೆ ತೆರಿಗೆ ಎತ್ತುವುದು ಯಾವ ಕಾಯಿದೆಯಡಿ, ಜಡ್ಜಿಗೆ ಸಂಬಳ ಯಾವ ಕಾಯಿದೆಯಡಿ? ಡೊಮಿನಿಯನ್ ಆದರೆ 1935ರ ಕಾಯಿದೆಯನ್ನೇ ಅಲ್ಲಲ್ಲಿ ತಿದ್ದಿ ಮರುದಿನದಿಂದ ಆಡಳಿತ ನಡೆಸಬಹುದಿತ್ತು. ಬ್ರಿಟಿಷ್ ಸಂಸತ್ತಿನಲ್ಲಿ ವಿರೋಧ ಪಕ್ಷವೂ ಅಡ್ಡಗಾಲು ಹಾಕದೆ ಮಸೂದೆ ಎರಡೇ ವಾರದಲ್ಲಿ ದಾಟುತ್ತಿತ್ತು. ಜಾರ್ಜ್ ದೊರೆ ಆ 29 ತಿಂಗಳು ಒಂದು ಬಗೆಯ ಸಾರುವೆ. ಮನೆ ಕಟ್ಟುವಾಗ ಕಟ್ಟಿದ ಬೊಂಬು. ಗಾರೆ ಒಣಗಿದ ಮೇಲೆ ಬಿಚ್ಚಿದರು.

ಆದರೆ ಸಾರುವೆಯಲ್ಲೂ ಅಪಾಯ ಇರುತ್ತದೆ. ಈ ಉತ್ತರದಲ್ಲಿ ನೀವು ಒಂದನ್ನೇ ತರಗತಿಗೆ ಒಯ್ಯುವುದಾದರೆ ಮುಂದಿನದನ್ನು ಒಯ್ಯಿರಿ.

ಅದೇ ಕಾಯಿದೆ, ಅದೇ 6ನೇ ಸೆಕ್ಷನ್ ಪಾಕಿಸ್ತಾನಕ್ಕೂ ಸಿಕ್ಕಿತು. ಅಲ್ಲೂ ಸಂವಿಧಾನ ರಚನಾ ಸಭೆ ಇತ್ತು, ಗವರ್ನರ್ ಜನರಲ್ ಇದ್ದರು. ಸಂವಿಧಾನಕ್ಕೆ ಸಂಬಂಧಿಸಿದ ಕಾನೂನಿಗೆ ಗವರ್ನರ್ ಜನರಲ್ ಅಂಕಿತ ಬೇಡ, ಸಭಾಧ್ಯಕ್ಷರ ಸಹಿ ಸಾಕು ಎಂದು ಎರಡೂ ಕಡೆಯ ಸಭೆಗಳು ತಮ್ಮ ನಿಯಮದಲ್ಲಿ ಬರೆದುಕೊಂಡಿದ್ದವು. ದೆಹಲಿಯ ಸಭೆ 1949ರ ನವೆಂಬರ್ 26ಕ್ಕೆ ಕೆಲಸ ಮುಗಿಸಿತು. ಕರಾಚಿಯಲ್ಲಿ ಏಳು ವರ್ಷವಾದರೂ ಸಂವಿಧಾನ ಮುಗಿಯಲಿಲ್ಲ, ದೇಶದಾದ್ಯಂತ ಚುನಾವಣೆಯೂ ನಡೆಯಲಿಲ್ಲ. 1954ರ ಅಕ್ಟೋಬರ್ 24ರಂದು ಗವರ್ನರ್ ಜನರಲ್ ಗುಲಾಂ ಮಹಮ್ಮದ್ ಸಭೆಯನ್ನೇ ವಿಸರ್ಜಿಸಿದರು. ಸಭಾಧ್ಯಕ್ಷ ತಮೀಜುದ್ದೀನ್ ಖಾನ್ ಕೋರ್ಟಿಗೆ ಹೋದರು. ಸಿಂಧ್ ಮುಖ್ಯ ನ್ಯಾಯಾಲಯದಲ್ಲಿ ಗೆದ್ದರು. 1955ರಲ್ಲಿ ಫೆಡರಲ್ ಕೋರ್ಟ್ ಆ ತೀರ್ಪನ್ನು ಉರುಳಿಸಿತು. ಕಾರಣ? ದೇಶ ಡೊಮಿನಿಯನ್, ಶಾಸನಕ್ಕೆ ರಾಜನ ಪ್ರತಿನಿಧಿಯ ಅಂಕಿತ ಬೇಕೇ ಬೇಕು. ಯಾವ ತಿದ್ದುಪಡಿಯಡಿ ಖಾನರು ಕೋರ್ಟಿಗೆ ಬಂದರೋ ಅದಕ್ಕೇ ಅಂಕಿತ ಬಿದ್ದಿಲ್ಲ. ಹಾಗಾಗಿ ಅವರ ಅಹವಾಲು ಕೇಳುವ ಅಧಿಕಾರವೇ ಕೋರ್ಟಿಗೆ ಇರಲಿಲ್ಲ. ಹೆಸರಿಗಷ್ಟೇ ಇದ್ದ ರಾಜ ಹೀಗೆ ಒಂದು ದೇಶದ ಶಾಸನಸಭೆಯನ್ನು ಮುಗಿಸಲು ನೆಪವಾದ. ಲಂಡನ್ನಿನಿಂದ ಯಾರೂ ಬೆರಳು ಆಡಿಸಬೇಕಾಗಲಿಲ್ಲ. ಅಲ್ಲಿ 1956ರಲ್ಲಿ ಬಂದ ಸಂವಿಧಾನ 1958ರಲ್ಲೇ ರದ್ದಾಯಿತು. ಇಡೀ ದೇಶಕ್ಕೆ ನೇರ ಸಾರ್ವತ್ರಿಕ ಚುನಾವಣೆ ನಡೆದದ್ದು 1970ರಲ್ಲಿ.

ಎಂದರೆ, ಅಪಾಯ ಇದ್ದದ್ದು ಸಾಮ್ರಾಜ್ಯ ಬರೆದ ಕಾಗದದಲ್ಲಿ ಅಲ್ಲ, ನಮ್ಮ ಕಾಗದ ಬರೆಯುವುದರಲ್ಲಿ ಆಗಬಹುದಾದ ತಡದಲ್ಲಿ.

ದೆಹಲಿಯಲ್ಲಿ ತಡವಾಗದಿರಲು ಕಾರಣಗಳಿದ್ದವು. ಒಂದೇ ಸಭೆ ಎರಡು ಟೋಪಿ ಹಾಕಿಕೊಂಡಿತು: ಸಂವಿಧಾನ ಬರೆಯುವಾಗ ರಾಜೇಂದ್ರ ಪ್ರಸಾದ್ ಅಧ್ಯಕ್ಷರು, ದಿನನಿತ್ಯದ ಶಾಸನ ಮಾಡುವಾಗ ಮಾವಳಂಕರ್ ಸ್ಪೀಕರ್. ಬರೆಯುವ ಮುನ್ನವೇ ಸಿದ್ಧ ಕರಡು ಕೈಯಲ್ಲಿತ್ತು. ಅದನ್ನು ಮಾಡಿಕೊಟ್ಟವರು ಸಭೆಯ ಸಂವಿಧಾನ ಸಲಹೆಗಾರ, ನಮ್ಮ ದಕ್ಷಿಣ ಕನ್ನಡ ಮೂಲದ ಬೆನೆಗಲ್ ನರಸಿಂಗ ರಾವ್. 1947ರ ಆಗಸ್ಟ್ 29ರಂದು ನೇಮಕವಾದ, ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ ಅದನ್ನು ಕೈಗೆತ್ತಿಕೊಂಡಿತು. 1948ರ ಫೆಬ್ರವರಿಯಲ್ಲಿ ಕರಡು ಅಚ್ಚಾಗಿ ಜನರ ಮುಂದೆ ಬಂತು. 7,635 ತಿದ್ದುಪಡಿ ಸೂಚನೆಗಳು ಬಂದವು, 2,473 ಸಭೆಯಲ್ಲಿ ಮಂಡನೆಯಾದವು. ಒಟ್ಟು 11 ಅಧಿವೇಶನ, 165 ದಿನದ ಕಲಾಪ. ತುಂಬ ಎಳೆದರು ಎಂದು ಆಗಲೂ ಗೊಣಗಿದವರಿದ್ದರು. ಪಕ್ಕದ ಮನೆಯ ಕತೆ ಗೊತ್ತಿರುವ ನಮಗೆ ಮೂರು ವರ್ಷ ತೀರ ಕಡಿಮೆಯೆಂದೇ ಕಾಣುತ್ತದೆ. ಇಷ್ಟರ ಜೊತೆಗೆ ಸಭೆಯ ಕಚೇರಿ, ಸಂವಿಧಾನ ಅಂಗೀಕಾರವಾಗುವ ಮೊದಲೇ, ವಯಸ್ಕರೆಲ್ಲರ ಮತದಾರರ ಪಟ್ಟಿ ಬರೆಸಲು ಶುರುಮಾಡಿತ್ತು. ಹೀಗಾಗಿ 1951ರ ಅಕ್ಟೋಬರಿನಿಂದ 1952ರ ಫೆಬ್ರವರಿವರೆಗೆ ಸುಮಾರು 17 ಕೋಟಿ ಮತದಾರರ ಚುನಾವಣೆ ನಡೆಸಲು ಸಾಧ್ಯವಾಯಿತು. ಕೆಲಸ ಕೆಟ್ಟದ್ದೂ ಉಂಟು: ತಮ್ಮ ಹೆಸರು ಹೇಳದೆ ‘ಇಂಥವರ ಹೆಂಡತಿ’, ‘ಇಂಥವನ ತಾಯಿ’ ಎಂದೇ ಬರೆಸಿದ ಸುಮಾರು 28 ಲಕ್ಷ ಹೆಂಗಸರ ಹೆಸರನ್ನು ಪಟ್ಟಿಯಿಂದ ತೆಗೆಯಬೇಕಾಯಿತು.

ಈಗ 395ಕ್ಕೆ ಬರೋಣ. ಹೊಸ ಸಂವಿಧಾನವನ್ನು ಗವರ್ನರ್ ಜನರಲ್ ಅಂಕಿತಕ್ಕೆ ಕಳಿಸಲೇ ಇಲ್ಲ. ರಾಜೇಂದ್ರ ಪ್ರಸಾದರ ಸಹಿಯೊಂದಿಗೆ ಅದು ಮುಗಿಯಿತು. ಸದಸ್ಯರು 1950ರ ಜನವರಿ 24ರಂದು ಒಬ್ಬೊಬ್ಬರಾಗಿ ಬಂದು ಸಹಿ ಹಾಕಿದರು. ಕೊನೆಯ ವಿಧಿಯಲ್ಲಿ, ಯಾವ ಕಾಯಿದೆಯಿಂದ ಸಭೆಗೆ ಅಧಿಕಾರ ಬಂತೆಂದು ಲಂಡನ್ ಹೇಳಬಹುದಿತ್ತೋ ಆ ಕಾಯಿದೆಯನ್ನೇ ರದ್ದುಮಾಡಿದರು. ಏಣಿ ಹತ್ತಿ ಅಟ್ಟ ಸೇರಿ ಏಣಿಯನ್ನು ತಳ್ಳಿಬಿಟ್ಟ ಹಾಗೆ. ಕೆನಡಾ ತನ್ನ ಸಂವಿಧಾನವನ್ನು ಲಂಡನ್ನಿನಿಂದ ಪೂರ್ತಿ ಬಿಡಿಸಿಕೊಂಡದ್ದು 1982ರಲ್ಲಿ, ಅದೂ ಬ್ರಿಟಿಷ್ ಸಂಸತ್ತಿನ ಕಾಯಿದೆಯ ಮೂಲಕ. ಆಸ್ಟ್ರೇಲಿಯಾದ ಕೊನೆಯ ಎಳೆಗಳು ಹರಿದದ್ದು 1986ರಲ್ಲಿ. ‘ಬ್ರಿಟಿಷರ ಗುಲಾಮ’ ಎಂದು ಸಂದೇಶ ಬೈಯುವ ನಾವು ಈ ಕೆಲಸವನ್ನು ಅವರಿಗಿಂತ ಮೂರು ದಶಕ ಮೊದಲೇ ಮುಗಿಸಿದ್ದೆವು.

ಗಣರಾಜ್ಯವಾಗಿಯೂ ಕಾಮನ್‌ವೆಲ್ತ್‌ನಲ್ಲಿ ಉಳಿದದ್ದು ಹೇಗೆ ಎಂದರೆ, 1949ರ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ಸೇರಿದ ಪ್ರಧಾನಿಗಳು ಒಂದು ಜಾಣ ವಾಕ್ಯ ಹೊಸೆದರು. ರಾಜ ಭಾರತಕ್ಕೆ ರಾಜನಲ್ಲ, ಆ ಕೂಟದ ಸಂಕೇತ ಮಾತ್ರ. ಬೇಕಾದರೆ ಎದ್ದು ಹೋಗಬಹುದಾದ ಕೂಟ ಅದು. ಐರ್ಲೆಂಡ್ ಅದೇ ತಿಂಗಳು ಎದ್ದು ಹೋಗಿತ್ತು.

ನಿಮ್ಮ ಊರಿನ ವಿಚಾರ ಬೇರೆಯೇ ಇದೆ, ಅದನ್ನು ಬಿಡಬೇಡಿ. 1947ರಲ್ಲಿ ಹಾಸನ ಬ್ರಿಟಿಷ್ ಇಂಡಿಯಾದಲ್ಲಿ ಇರಲೇ ಇಲ್ಲ, ಮೈಸೂರು ಸಂಸ್ಥಾನದಲ್ಲಿತ್ತು. ಸ್ವಾತಂತ್ರ್ಯ ಕಾಯಿದೆಯ 7ನೇ ಸೆಕ್ಷನ್ ಸಂಸ್ಥಾನಗಳ ಮೇಲಿನ ಬ್ರಿಟಿಷ್ ಪರಮಾಧಿಕಾರ ಮುಗಿಯಿತು ಎಂದಷ್ಟೇ ಹೇಳಿತು. ಆ ಅಧಿಕಾರವನ್ನು ದೆಹಲಿಗೆ ಕೊಡಲಿಲ್ಲ. ಆ ಕಾಯಿದೆಯಲ್ಲಿ ಅತಿ ಅಪಾಯದ ತೂತು ಇದೇ. ಐನೂರಕ್ಕೂ ಮಿಕ್ಕ ಸಂಸ್ಥಾನಗಳು ನಾವು ಯಾರಿಗೂ ಸೇರಿಲ್ಲ ಎನ್ನಬಹುದಿತ್ತು. ಪಟೇಲ್ ಮತ್ತು ಅವರ ಸಂಸ್ಥಾನ ಇಲಾಖೆಯ ಕಾರ್ಯದರ್ಶಿ ವಿ.ಪಿ. ಮೆನನ್ ಮೊದಲು ಕೇಳಿದ್ದು ಮೂರೇ ವಿಷಯ: ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ. ಕಡಿಮೆ ಕೇಳಿದ್ದರಿಂದ ಹೆಚ್ಚಿನವರು ಬೇಗ ಸಹಿ ಹಾಕಿದರು. ಜಯಚಾಮರಾಜ ಒಡೆಯರ್ ಆಗಸ್ಟ್ 9ರಂದು ಸೇರ್ಪಡೆ ಪತ್ರಕ್ಕೆ ಸಹಿ ಮಾಡಿದರು. ಆದರೆ ಒಳಗಿನ ಆಡಳಿತ ಇನ್ನೂ ದಿವಾನ್ ರಾಮಸ್ವಾಮಿ ಮೊದಲಿಯಾರ್ ಕೈಯಲ್ಲೇ. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಸೆಪ್ಟೆಂಬರಿನಲ್ಲಿ, ಜನರ ಸರ್ಕಾರ ಬೇಕೆಂದು, ‘ಮೈಸೂರು ಚಲೋ’ ನಡೆಯಬೇಕಾದದ್ದು ಇದಕ್ಕೇ. ಅಕ್ಟೋಬರ್ ಕೊನೆಯಲ್ಲಿ ಕೆ.ಸಿ. ರೆಡ್ಡಿ ಮಂತ್ರಿಮಂಡಲ ಬಂತು. ಭಾರತದ ಸಂವಿಧಾನವನ್ನೇ ಮೈಸೂರಿಗೂ ಒಪ್ಪಿಕೊಂಡು ಮಹಾರಾಜರು ಘೋಷಿಸಿದ್ದು 1949ರ ನವೆಂಬರ್ 25ರಂದು.

ಅದೇ ಹೊತ್ತಿನಲ್ಲಿ ಧಾರವಾಡ ಮುಂಬೈ ಪ್ರಾಂತ್ಯದಲ್ಲಿತ್ತು. ಅಲ್ಲಿನ ಗವರ್ನರ್ 1948ರ ಜನವರಿವರೆಗೂ ಬ್ರಿಟಿಷರೇ ಆದ ಕೋಲ್ವಿಲ್. ಮಂಗಳೂರು, ಬಳ್ಳಾರಿ ಇದ್ದ ಮದ್ರಾಸಿನಲ್ಲಿ ಆರ್ಚಿಬಾಲ್ಡ್ ನೈ 1948ರ ಸೆಪ್ಟೆಂಬರ್‌ವರೆಗೆ. ಕಲಬುರಗಿ ನಿಜಾಮನ ಕೈಯಲ್ಲಿತ್ತು. ಆತ ಸೇರ್ಪಡೆ ಒಪ್ಪದೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದ ಮಾಡಿಕೊಂಡ. 1948ರ ಸೆಪ್ಟೆಂಬರ್‌ನಲ್ಲಿ ಸೈನ್ಯ ನುಗ್ಗಿದ ಮೇಲೆಯೇ ಅದು ಮುಗಿದದ್ದು. ಕನ್ನಡ ನಾಡಿನ ಮಟ್ಟಿಗೆ ಆಗಸ್ಟ್ 15 ಎಂಬುದು ಒಂದೊಂದು ಜಿಲ್ಲೆಯಲ್ಲಿ ಒಂದೊಂದು ಅರ್ಥದ ದಿನ. ಮಕ್ಕಳಿಗೆ ನಕ್ಷೆ ಹಾಕಿ ತೋರಿಸಿ.

ಹಳೆಯ ಕಾಗದ ನಮ್ಮನ್ನು ನಿಜಕ್ಕೂ ಕಾಡಿದ ಉದಾಹರಣೆಯೂ ನಮ್ಮಲ್ಲೇ ಇದೆ, ಕಾವೇರಿ. ಮೈಸೂರು ಮತ್ತು ಮದ್ರಾಸಿನ ನಡುವಿನ 1892 ಮತ್ತು 1924ರ ಒಪ್ಪಂದಗಳು ಬ್ರಿಟಿಷರ ಒತ್ತಡದಲ್ಲಿ ಆದವು, ಅವಕ್ಕೆ ಕಟ್ಟುಬೀಳಬೇಕಿಲ್ಲ ಎಂಬ ಕರ್ನಾಟಕದ ವಾದವನ್ನು ಸುಪ್ರೀಂ ಕೋರ್ಟ್ 2018ರ ಫೆಬ್ರವರಿ 16ರಂದು ಒಪ್ಪಲಿಲ್ಲ. 1924ರದ್ದು 50 ವರ್ಷ ಮುಗಿದು 1974ರಲ್ಲಿ ಕೊನೆಗೊಂಡಿತು ಎಂದಿತು. ಗಮನಿಸಿ, ಇಲ್ಲೂ ತೀರ್ಪು ಕೊಟ್ಟದ್ದು ದೆಹಲಿಯ ಕೋರ್ಟು.

ಬೇರೆ ದಾರಿ ಇರಲಿಲ್ಲವೇ ಎಂದು ಮಕ್ಕಳು ಕೇಳಬಹುದು. ಇದ್ದವು, ಬೆಲೆಯೂ ಇತ್ತು. ಬರ್ಮಾ 1948ರ ಜನವರಿ 4ರಂದು ಡೊಮಿನಿಯನ್ ಆಗದೆ ನೇರ ಗಣರಾಜ್ಯವಾಯಿತು, ಕಾಮನ್‌ವೆಲ್ತ್ ಕೂಡ ಬಿಟ್ಟಿತು. ಸಂವಿಧಾನವನ್ನು 1947ರ ಸೆಪ್ಟೆಂಬರಿನಲ್ಲೇ ಮುಗಿಸಿಕೊಂಡಿತ್ತು. ಆದರೆ ಅದಕ್ಕೂ ಮೊದಲೇ ಜುಲೈನಲ್ಲಿ ಸ್ವಾತಂತ್ರ್ಯ ಹೋರಾಟದ ನಾಯಕ ಆಂಗ್ ಸಾನ್ ಕೊಲೆಯಾಗಿತ್ತು, ಸ್ವಾತಂತ್ರ್ಯದ ಮೂರನೇ ತಿಂಗಳಲ್ಲಿ ಒಳಯುದ್ಧ ಹತ್ತಿಕೊಂಡಿತು. ಕಾಗದ ಸರಿಯಿದ್ದರೂ ಹಿಡಿದು ನಡೆಸುವ ಕೈ ಇರಲಿಲ್ಲ. ಇಂಡೊನೇಷ್ಯಾ 1945ರ ಆಗಸ್ಟ್ 17ರಂದು ತಾನೇ ಘೋಷಿಸಿಕೊಂಡು ನಾಲ್ಕು ವರ್ಷ ಡಚ್ಚರ ಜೊತೆ ಹೋರಾಡಿತು. 1949ರಲ್ಲಿ ಮಾನ್ಯತೆ ಸಿಗುವಾಗ 430 ಕೋಟಿ ಗಿಲ್ಡರ್ ಸಾಲವನ್ನು ಹೆಗಲಿಗೆ ಹಾಕಿಕೊಳ್ಳಬೇಕಾಯಿತು. ಸಿಲೋನ್ ಶಾಂತಿಯಿಂದ ಡೊಮಿನಿಯನ್ ಆಯಿತು, ಆದರೆ ಟ್ರಿಂಕೋಮಲಿಯ ನೌಕಾನೆಲೆ 1957ರವರೆಗೆ ಬ್ರಿಟಿಷರ ಕೈಯಲ್ಲೇ ಉಳಿಯಿತು. ಆಫ್ರಿಕಾದ ಗಿನಿ 1958ರಲ್ಲಿ ಫ್ರಾನ್ಸಿಗೆ ‘ಬೇಡ’ ಎಂದು ಮತ ಹಾಕಿ ಕೆಲವೇ ದಿನದಲ್ಲಿ ಸ್ವತಂತ್ರವಾದಾಗ ಫ್ರೆಂಚರು ಅಧಿಕಾರಿಗಳನ್ನೂ ಉಪಕರಣಗಳನ್ನೂ ಎತ್ತಿಕೊಂಡು ಹೊರಟೇಬಿಟ್ಟರು. ನಾವು ಹಿಡಿದ ದಾರಿಯೂ ಅಗ್ಗವಾಗಿರಲಿಲ್ಲ. ಗಡುವು ಹತ್ತು ತಿಂಗಳು ಮುಂಚೆಯೇ ಬಂದದ್ದರಿಂದ ಗಡಿ ಆಯೋಗಗಳ ಅಧ್ಯಕ್ಷ ರ‍್ಯಾಡ್‌ಕ್ಲಿಫ್‌ಗೆ ಗಡಿ ಎಳೆಯಲು ಐದಾರು ವಾರವಷ್ಟೇ ಸಿಕ್ಕಿತು, ಆ ಗೆರೆ ಹೊರಬಿದ್ದದ್ದು ಸ್ವಾತಂತ್ರ್ಯ ಬಂದ ಎರಡು ದಿನದ ಮೇಲೆ. ಪಂಜಾಬಿನಲ್ಲಿ ಆದದ್ದನ್ನು ನೀವು ಪಾಠ ಮಾಡಿಯೇ ಇರುತ್ತೀರಿ.

ತರಗತಿಯ ಮಾತು. ‘ಸುಳ್ಳು’ ಎಂದು ಮುಗಿಸುವುದರ ಫಲ ಕಂಡಿದ್ದೀರಿ. ಮೊಬೈಲ್ ಕಿತ್ತುಕೊಂಡರೆ ಸಂದೇಶಕ್ಕೆ ಇನ್ನಷ್ಟು ಬೆಲೆ ಬರುತ್ತದೆ. ಒಂದು ಪೀರಿಯಡ್ ಖರ್ಚಾದರೂ ಮೂಲವನ್ನೇ ಓದಿಸುವುದು ಮೇಲು. ಸ್ವಾತಂತ್ರ್ಯ ಕಾಯಿದೆಯ 6 ಮತ್ತು 7ನೇ ಸೆಕ್ಷನ್, ಸಂವಿಧಾನದ 372 ಮತ್ತು 395 ಒಂದೇ ಹಾಳೆಯಲ್ಲಿ ಹಿಡಿಯುತ್ತವೆ. ಇಂಗ್ಲಿಷ್ ಬಿಗಿಯಾಗಿದೆ, ನೀವೇ ಕನ್ನಡದಲ್ಲಿ ಬರೆದುಕೊಡಿ. ಗುತ್ತಿಗೆ ಎಂಬ ಪದ ಹುಡುಕುವ ಕೆಲಸವನ್ನು ಸಂದೇಶ ತಂದ ಹುಡುಗನಿಗೇ ಒಪ್ಪಿಸಿ. ಒಂದು ಎಚ್ಚರಿಕೆ: 1947ರ ಕಾಯಿದೆ ಬ್ರಿಟನ್ನಿನ ಕಾಯಿದೆ ಪುಸ್ತಕದಲ್ಲಿ ಈಗಲೂ ಇದೆ, ಚುರುಕಾದವನು ಇಂಟರ್‌ನೆಟ್ಟಿನಲ್ಲಿ ಅದನ್ನು ಕಂಡು ‘ನೋಡಿ ಸಾರ್’ ಎನ್ನಬಹುದು. ಅದು ಅವರ ಕೋರ್ಟುಗಳಿಗಷ್ಟೇ. ನಮ್ಮಲ್ಲಿ ಅದು ರದ್ದಾಗಿ ಮುಕ್ಕಾಲು ಶತಮಾನ ಕಳೆದಿದೆ.

ಊರಲ್ಲಿ ಯಾರದಾದರೂ ಮನೆಯ ಹಳೆಯ ಡಬ್ಬಿಯಲ್ಲಿ 1947ರ ರೂಪಾಯಿ ಸಿಕ್ಕರೆ ತರಿಸಿ. ಒಂದು ಬದಿ ಜಾರ್ಜ್, ಇನ್ನೊಂದು ಬದಿ ಹುಲಿ. ಸ್ವತಂತ್ರ ಭಾರತದ ಸ್ವಂತ ನಾಣ್ಯ ಹೊರಬಂದದ್ದು 1950ರ ಆಗಸ್ಟ್ 15ರಂದು. ನಡುವಿನ ಮೂರು ವರ್ಷ ನಮ್ಮ ಅಜ್ಜಂದಿರು ಆ ರಾಜನ ಮುಖದ ದುಡ್ಡನ್ನೇ ಕೊಟ್ಟು ಸಂತೆ ಮಾಡಿದರು.